ಇಮೇಲ್ ಗುಂಪಿನ ಪೇಚುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಈ ಸಲ ಇಮೇಲ್ ಗುಂಪಿಗೆ ಸಂಬಂಧಿಸಿದವನ್ನಷ್ಟೇ ಆಯ್ದುಕೊಂಡಿದ್ದೇವೆ. ವಾಟ್ಸಾಪ್ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಮೂರು ವರ್ಷದ ಹಿಂದಿನ ಒಂದು ನಿರ್ಣಯವನ್ನು ವಾಟ್ಸಾಪಿನಲ್ಲಿ ಹುಡುಕಲು ಕೂತವರು ಆ ಪ್ರಶ್ನೆ ಕೇಳುವುದಿಲ್ಲ.

ಪ್ರಶ್ನೆ: ನಮ್ಮ ಅಕ್ಕಿ ಗಿರಣಿ ಮಾಲೀಕರ ಬಳಗದಲ್ಲಿ 140 ಜನರಿದ್ದಾರೆ. ಸಭೆಯ ನೋಟಿಸು, ತೆರಿಗೆ ಸುತ್ತೋಲೆ ಎಲ್ಲವನ್ನೂ ಬಿಸಿಸಿ ಹಾಕಿ ಕಳಿಸುತ್ತೇನೆ. ಇಮೇಲ್ ಗುಂಪು ಮಾಡಿಕೊಳ್ಳಿ ಅಂತಾರೆ. ಎರಡಕ್ಕೂ ಏನು ಫರಕು?
— ಗಂಗಾವತಿಯ ಓದುಗರು

ಉತ್ತರ: ಬಿಸಿಸಿ ಎಂದರೆ ಪಡೆದವರ ವಿಳಾಸ ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಕಳಿಸುವ ಖಾನೆ. ಅಲ್ಲಿ ಪಟ್ಟಿ ನಿಮ್ಮೊಬ್ಬರ ಕೈಯಲ್ಲಿರುತ್ತದೆ, ಗುಂಪಿನಲ್ಲಿ ಅದು ಸರ್ವರ್‌ನಲ್ಲಿರುತ್ತದೆ. ಗುಂಪಿಗೆ ತನ್ನದೇ ಒಂದು ವಿಳಾಸ ಉಂಟು. ಆ ವಿಳಾಸದ ಹಿಂದೆ ಕೂತಿರುವುದು ಒಂದು ಪ್ರೋಗ್ರಾಂ. ಮೇಲ್ ಬಂದ ಕೂಡಲೇ ಅದು ನೋಡುವುದು ಇಷ್ಟು: ಬರೆದವರು ಸದಸ್ಯರೇ, ಗಾತ್ರ ಮಿತಿಯೊಳಗಿದೆಯೇ, ನಿರ್ವಾಹಕರ ಒಪ್ಪಿಗೆ ಬೇಕೇ. ಪಾಸಾದರೆ ಪ್ರತಿ ಸದಸ್ಯರಿಗೂ ಒಂದೊಂದು ಪ್ರತಿ ಹೊರಡುತ್ತದೆ, ಇನ್ನೊಂದು ಪ್ರತಿ ಸಂಗ್ರಹಕ್ಕೆ ಸೇರುತ್ತದೆ. ಈ ಏರ್ಪಾಡು ಹಳೆಯದು. ಎರಿಕ್ ತೋಮಾ ಎಂಬುವರು ಲಿಸ್ಟ್‌ಸರ್ವ್ ಎಂಬ ಇಂಥ ಪ್ರೋಗ್ರಾಂ ಬರೆದದ್ದು 1986ರಲ್ಲಿ, ಈಗಿನ ಗುಂಪುಗಳ ನಡೆಯೂ ಬಹುಮಟ್ಟಿಗೆ ಅದೇ.

ಸಾದಾ ಜಿಮೇಲ್ ಖಾತೆಯಿಂದ ಒಂದು ಮೇಲನ್ನು 500 ಜನರಿಗಿಂತ ಹೆಚ್ಚಿಗೆ ಕಳಿಸಲಾಗದು, ದಿನದ ಮಿತಿಯೂ 500. ದಾಟಿದರೆ 1ರಿಂದ 24 ಗಂಟೆ ಕಳಿಸುವುದು ಬಂದ್. 140 ಜನಕ್ಕೆ ಆ ತೊಂದರೆಯಿಲ್ಲ. ನಿಮ್ಮ ಪೇಚು ಬೇರೆ ಕಡೆ ಇದೆ. ಅವಸರದಲ್ಲಿ ಬಿಸಿಸಿ ಬದಲು ಸಿಸಿ ಒತ್ತಿದರೆ 140 ವಿಳಾಸವೂ ಬಯಲು. ಬಿಸಿಸಿಯಲ್ಲಿದ್ದವರು ‘ರಿಪ್ಲೈ ಆಲ್’ ಒತ್ತಿದರೂ ಉತ್ತರ ನಿಮಗೇ ಬರುತ್ತದೆ, ಉಳಿದವರಿಗೆ ತಲುಪುವುದಿಲ್ಲ. ಕಾರ್ಯದರ್ಶಿ ಬದಲಾದಾಗ ಪಟ್ಟಿಯೂ ಅವರ ಜೊತೆಗೇ ಹೋಗುತ್ತದೆ.

ಗೂಗಲ್ ಗ್ರೂಪ್ಸ್‌ನಲ್ಲಿ ಉಚಿತವಾಗಿ ಗುಂಪು ಮಾಡಬಹುದು. ಮಾಡುವಾಗ ಕೆಲವು ಆಯ್ಕೆ ಕೇಳುತ್ತದೆ, ಅಲ್ಲಿ ಮೈಮರೆಯಬೇಡಿ. ಯಾರು ಸೇರಬಹುದು ಎಂಬಲ್ಲಿ ‘ಆಹ್ವಾನಿತರು ಮಾತ್ರ’. ಸಂಭಾಷಣೆ ಯಾರು ನೋಡಬಹುದು ಎಂಬಲ್ಲಿ ‘ಸದಸ್ಯರು’. ಇದನ್ನು ‘ಎಲ್ಲರೂ’ ಎಂದು ಬಿಟ್ಟರೆ ನಿಮ್ಮ ಬಳಗದ ಲೆಕ್ಕ ಊರವರಿಗೆಲ್ಲ ಕಾಣುತ್ತದೆ. ಯಾರು ಬರೆಯಬಹುದು ಎಂಬಲ್ಲಿ ಬರೀ ನೋಟಿಸಿಗಾದರೆ ‘ನಿರ್ವಾಹಕರು’, ಚರ್ಚೆ ಬೇಕಾದರೆ ‘ಸದಸ್ಯರು’. ಸದಸ್ಯರ ಪಟ್ಟಿ ನಿರ್ವಾಹಕರಿಗೆ ಮಾತ್ರ ಕಾಣಲಿ. ಮಾಲೀಕರಾಗಿ ಕನಿಷ್ಠ ಇಬ್ಬರನ್ನು ಇಡಿ. ಒಬ್ಬರೇ ಇದ್ದು ಅವರು ಪಾಸ್‌ವರ್ಡ್ ಕಳೆದುಕೊಂಡರೆ ಗುಂಪು ಅನಾಥವಾಗುತ್ತದೆ. ಜಿಮೇಲ್ ಇಲ್ಲದವರನ್ನೂ ಸೇರಿಸಬಹುದು. ಮೇಲ್ ಅವರಿಗೆ ಬರುತ್ತದೆ, ಗುಂಪಿನ ವೆಬ್ ಪುಟಕ್ಕೆ ಲಾಗಿನ್ ಆಗಲು ಮಾತ್ರ ಗೂಗಲ್ ಖಾತೆ ಬೇಕು.

ಪ್ರಶ್ನೆ: ಗುಂಪಿಗೆ ಮೇಲ್ ಹಾಕಿದರೆ ಅದು ನನಗೆ ವಾಪಸ್ ಬರುವುದೇ ಇಲ್ಲ. ಹೋಗಿಲ್ಲವೆಂದು ಮತ್ತೆ ಕಳಿಸಿದೆ. ಎಲ್ಲರೂ ಎರಡೆರಡು ಸಲ ಬಂತು ಎಂದು ಬೈಯುತ್ತಿದ್ದಾರೆ.
— ಸಿಂಧನೂರಿನ ಓದುಗರು

ಉತ್ತರ: ಪ್ರತಿ ಮೇಲಿಗೂ ಮೆಸೇಜ್ ಐಡಿ ಎಂಬ ಗುರುತು ಇರುತ್ತದೆ. ಗುಂಪಿನಿಂದ ತಿರುಗಿ ಬಂದ ಪ್ರತಿಗೂ ಅದೇ ಗುರುತು. ‘ಇದು ಸೆಂಟ್‌ನಲ್ಲಿ ಆಗಲೇ ಇದೆ’ ಎಂದು ಜಿಮೇಲ್ ಎರಡನೆಯದನ್ನು ಇನ್‌ಬಾಕ್ಸಿನಲ್ಲಿ ತೋರಿಸುವುದಿಲ್ಲ. ಹೋಯಿತೋ ಇಲ್ಲವೋ ತಿಳಿಯಲು ಗುಂಪಿನ ಪುಟದಲ್ಲಿ ನೋಡಿ. ಅಲ್ಲೂ ಇಲ್ಲದಿದ್ದರೆ ನೀವು ಸೇರಿದ ವಿಳಾಸ ಒಂದು, ಬರೆದ ವಿಳಾಸ ಇನ್ನೊಂದು ಆಗಿರಬಹುದು. ಹೆಸರಿನ ನಡುವಿನ ಚುಕ್ಕೆಯನ್ನು ಜಿಮೇಲ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಬೇರೆ ಕಡೆ ಮೇಲ್‌ಮ್ಯಾನ್‌ನಂಥ ಗುಂಪು ನಡೆಸುವ ಪ್ರೋಗ್ರಾಂನಲ್ಲಿರುವ ಗುಂಪುಗಳಿಗೆ ಚುಕ್ಕೆ ಇದ್ದದ್ದು, ಇಲ್ಲದ್ದು ಇಬ್ಬರು ಬೇರೆ ಬೇರೆ ಮನುಷ್ಯರು.

ಪ್ರಶ್ನೆ: ಒಬ್ಬರಿಗಷ್ಟೇ ಎಂದು ಬರೆದ ದರದ ವಿವರ ಇಡೀ ಜೀನ್ಸ್ ಹೊಲಿಗೆ ಘಟಕಗಳ ಗುಂಪಿಗೆ ಹೋಯಿತು. ನಾನು ಒತ್ತಿದ್ದು ಬರೀ ‘ರಿಪ್ಲೈ’. ಮರಳಿ ಪಡೆಯಬಹುದೇ?
— ಬಳ್ಳಾರಿಯ ಓದುಗರು

ಉತ್ತರ: ಇಲ್ಲ. ಜಿಮೇಲ್‌ನ ‘ಅನ್‌ಡು’ಗೆ ಹೆಚ್ಚೆಂದರೆ 30 ಸೆಕೆಂಡು, ಅದನ್ನೂ ಸೆಟ್ಟಿಂಗ್ಸಿನಲ್ಲಿ ನೀವೇ ಏರಿಸಿಕೊಂಡಿರಬೇಕು. ನಿರ್ವಾಹಕರು ಗುಂಪಿನ ಸಂಗ್ರಹದಿಂದ ಅಳಿಸಬಲ್ಲರು, ಸದಸ್ಯರ ಇನ್‌ಬಾಕ್ಸಿನಿಂದ ಅಲ್ಲ.

ಇಮೇಲಿನ ತಲೆಬರಹದಲ್ಲಿ ‘ರಿಪ್ಲೈ ಟು’ ಎಂಬ ಸಾಲು ಇರುತ್ತದೆ. ಅಲ್ಲಿ ಗುಂಪಿನ ವಿಳಾಸವಿದ್ದರೆ ಬರೀ ‘ರಿಪ್ಲೈ’ ಒತ್ತಿದರೂ ಎಲ್ಲರಿಗೂ ಹೋಗುತ್ತದೆ. ಗೂಗಲ್ ಗ್ರೂಪ್ಸ್‌ನ ಇಮೇಲ್ ಸೆಟ್ಟಿಂಗ್‌ಗಳಲ್ಲಿ ‘ಪೋಸ್ಟ್ ರಿಪ್ಲೈಸ್ ಟು’ ಎಂಬಲ್ಲಿ ಇದನ್ನು ಬರೆದವರಿಗೆ ಮಾತ್ರ ಎಂದು ಬದಲಿಸಬಹುದು. ವ್ಯಾಪಾರದ ಗುಂಪಿಗೆ ಅದೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಎಲ್ಲರಿಗೂ ಹೋಗಬೇಕಾದ ಉತ್ತರ ಒಬ್ಬರಿಗೆ ಹೋದರೆ ಇನ್ನೊಮ್ಮೆ ಕಳಿಸಬಹುದು, ಉಲ್ಟಾ ಆದರೆ ದಾರಿಯಿಲ್ಲ.

ಪ್ರಶ್ನೆ: ಒಂದು ತಾಂತ್ರಿಕ ಗುಂಪಿಗೆ ಸೇರಿದೆ, ಈಗ ಇನ್‌ಬಾಕ್ಸ್ ತುಂಬಿ ತುಳುಕುತ್ತಿದೆ. ‘ನನ್ನನ್ನು ತೆಗೆಯಿರಿ’ ಎಂದು ಎರಡು ಸಲ ಬರೆದರೂ ತೆಗೆದಿಲ್ಲ.
— ರಾಯಚೂರಿನ ವಿದ್ಯಾರ್ಥಿ

ಉತ್ತರ: ಆ ಕೋರಿಕೆಯನ್ನು ಓದಿದ್ದು ಸದಸ್ಯರು, ಪ್ರೋಗ್ರಾಂ ಅಲ್ಲ. ಪ್ರೋಗ್ರಾಂಗೆ ಬೇರೆ ವಿಳಾಸ ಇದೆ. ಗೂಗಲ್ ಗುಂಪಾದರೆ ಗುಂಪಿನ ಹೆಸರಾದ ಮೇಲೆ, ಅಟ್ ಚಿಹ್ನೆಗೆ ಮೊದಲು, ಕೂಡು ಚಿಹ್ನೆ ಹಾಕಿ ಇಂಗ್ಲಿಷಿನಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಸೇರಿಸಿ ಖಾಲಿ ಮೇಲ್ ಕಳಿಸಿ. ಮೇಲ್‌ಮ್ಯಾನ್ ಗುಂಪಾದರೆ ಹೆಸರಾದ ಮೇಲೆ ಅಡ್ಡಗೆರೆ ಹಾಕಿ ‘ರಿಕ್ವೆಸ್ಟ್’ ಎಂದಿರುವ ವಿಳಾಸಕ್ಕೆ, ವಿಷಯದ ಸಾಲಿನಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿ. ಖಚಿತಪಡಿಸಲು ಒಂದು ಮೇಲ್ ಬರುತ್ತದೆ, ಅದಕ್ಕೂ ಉತ್ತರಿಸಬೇಕು. ಬಹಳ ಜನ ಎಡವುವುದು ಇಲ್ಲೇ. ಬೇಸರಕ್ಕೆ ‘ಸ್ಪ್ಯಾಮ್’ ಒತ್ತಬೇಡಿ, ಅದು ಉಳಿದ ಸದಸ್ಯರ ಮೇಲ್‌ಗೂ ಕುತ್ತು.

ಬಿಡುವ ಮೊದಲು ಡೈಜೆಸ್ಟ್ ಪ್ರಯತ್ನಿಸಿ: ಗೂಗಲ್ ಗುಂಪಾದರೆ 25 ಮೇಲ್‌ಗಳವರೆಗೆ ಒಂದೇ ಕಟ್ಟಿನಲ್ಲಿ ಬರುತ್ತವೆ. ಆದರೆ ಡೈಜೆಸ್ಟಿಗೆ ಉತ್ತರಿಸುವಾಗ ವಿಷಯದ ಸಾಲು ಬದಲಿಸಿ, ಕಟ್ಟನ್ನೆಲ್ಲ ಅಳಿಸಿ. ಇನ್ನೊಂದು ದಾರಿಯೂ ಇದೆ: ಕಂಪ್ಯೂಟರಿನಲ್ಲಿ ಮೇಲ್ ತೆರೆದು ಮೂರು ಚುಕ್ಕೆ ಒತ್ತಿ ‘ಇಂಥ ಸಂದೇಶಗಳನ್ನು ಸೋಸು’ ಎಂಬುದನ್ನು ಆರಿಸಿದರೆ ಜಿಮೇಲ್ ಗುಂಪಿನ ಗುರುತನ್ನು ತಾನೇ ತುಂಬಿಕೊಳ್ಳುತ್ತದೆ. ಮುಂದಿನ ಪುಟದಲ್ಲಿ ‘ಇನ್‌ಬಾಕ್ಸ್ ದಾಟಿಸು’, ‘ಲೇಬಲ್ ಹಚ್ಚು’ ಎರಡಕ್ಕೂ ಗುರುತು ಹಾಕಿ. ವಿಷಯದ ಸಾಲಿನ ಪದ ಹಿಡಿದು ಸೋಸುವುದಕ್ಕಿಂತ ಇದು ಗಟ್ಟಿ.

ಪ್ರಶ್ನೆ: ನಮ್ಮ ಹಳೆಯ ವಿದ್ಯಾರ್ಥಿಗಳ ಗುಂಪನ್ನು ಸ್ವಂತ ಸರ್ವರ್‌ನಲ್ಲಿ ಮೇಲ್‌ಮ್ಯಾನ್ ಹಾಕಿ ನಡೆಸುತ್ತೇವೆ. ಕಂಪನಿ ವಿಳಾಸದಿಂದ ಇಬ್ಬರು ಬರೆಯಲು ಶುರು ಮಾಡಿದ ಮೇಲೆ, ಏನೂ ಬರೆಯದ ಹತ್ತಾರು ಸದಸ್ಯರಿಗೆ ಮೇಲ್ ಹೋಗುವುದು ತಾನಾಗಿಯೇ ನಿಂತಿದೆ. ಬರೆದ ಆ ಇಬ್ಬರಿಗೆ ಮಾತ್ರ ಏನೂ ಆಗಿಲ್ಲ!
— ಕುಷ್ಟಗಿಯ ಓದುಗರು

ಉತ್ತರ: ಇದು ನಕಲಿ ಮೇಲ್ ತಡೆಯುವ ಡಿಮಾರ್ಕ್ ಎಂಬ ನಿಯಮ ತಂದಿಟ್ಟ ಪೇಚು. ‘ನಮ್ಮ ಡೊಮೇನಿನ (ವಿಳಾಸದಲ್ಲಿ ಅಟ್ ಚಿಹ್ನೆಯ ನಂತರದ ಭಾಗ) ಹೆಸರು ಹೊತ್ತ ಮೇಲ್ ನಮ್ಮಿಂದಲೇ ಬಂದದ್ದೆಂದು ಸಾಬೀತಾಗದಿದ್ದರೆ ತಿರಸ್ಕರಿಸಿ’ ಎಂದು ಆ ಕಂಪನಿ ಸಾರಿದೆ. ಸಾಬೀತಿಗೆ ಎರಡು ದಾರಿ. ಎಸ್‌ಪಿಎಫ್ ಎಂದರೆ ಯಾವ ಸರ್ವರ್ ಕಳಿಸಬಹುದು ಎಂಬ ಪಟ್ಟಿ. ಕಳಿಸಿದ್ದು ನಿಮ್ಮ ಸರ್ವರ್, ಆದ್ದರಿಂದ ಅದು ಕಂಪನಿಯ ಹೆಸರಿಗೆ ತಾಳೆಯಾಗದು. ಡಿಕಿಮ್ ಎಂದರೆ ಇಮೇಲಿನ ಮೇಲೆ ಹಾಕಿದ ಗಣಿತದ ಸಹಿ. ನೀವು ವಿಷಯದ ಸಾಲಿಗೆ ಚೌಕ ಕಂಸದಲ್ಲಿ ಗುಂಪಿನ ಹೆಸರು ಸೇರಿಸಿ, ಕೊನೆಗೆ ಅಡಿಬರಹ ಅಂಟಿಸುತ್ತೀರಿ. ಒಂದು ಅಕ್ಷರ ಬದಲಾದರೂ ಸಹಿ ಮುರಿಯಿತು. ಎರಡೂ ಫೇಲಾದ ಮೇಲೆ ಸದಸ್ಯರ ಸರ್ವರ್ 550 ಎಂಬ ಸಂಕೇತದೊಂದಿಗೆ ಮೇಲನ್ನು ಹಿಂದಕ್ಕೆ ಎಸೆಯುತ್ತದೆ.

ಈಗ ಅನ್ಯಾಯ ನೋಡಿ. ಮೇಲ್‌ಮ್ಯಾನ್ ಈ ವಾಪಸಾತಿಯನ್ನು ಪಡೆಯಬೇಕಿದ್ದವರ ಲೆಕ್ಕಕ್ಕೆ ಬರೆಯುತ್ತದೆ, ದಿನಕ್ಕೆ ಹೆಚ್ಚೆಂದರೆ ಒಂದು ಅಂಕ. ಮೊದಲಿನಿಂದ ಇರುವ ಮಿತಿ 5. ಅದು ಮುಟ್ಟಿದೊಡನೆ ಆ ಸದಸ್ಯರಿಗೆ ಮೇಲ್ ಬಂದ್. ಮಾಡಿದ್ದು ಯಾರೋ, ಉಂಡದ್ದು ಇನ್ಯಾರೋ. 2014ರ ಏಪ್ರಿಲ್‌ನಲ್ಲಿ ಯಾಹೂ ಇಂಥ ಕಟ್ಟುನಿಟ್ಟು ತಂದಾಗ ಲೋಕದ ಗುಂಪುಗಳೆಲ್ಲ ಇದೇ ಪಾಡು ಪಟ್ಟವು.

ಮೇಲ್‌ಮ್ಯಾನ್ ನಿರ್ವಹಣಾ ಪುಟದಲ್ಲಿ ಡಿಮಾರ್ಕ್ ಕ್ರಮ ಎಂಬಲ್ಲಿ ‘ಮಂಜ್ ಫ್ರಮ್’ ಆರಿಸಿ. ಆಗ ಕಟ್ಟುನಿಟ್ಟಿನ ಡೊಮೇನಿನವರು ಬರೆದಾಗ ‘ಫ್ರಮ್’ ಸಾಲಿನಲ್ಲಿ ‘ಇಂಥವರು, ಗುಂಪಿನ ಮೂಲಕ’ ಎಂದು ಗುಂಪಿನ ವಿಳಾಸ ಬರುತ್ತದೆ. ಬಳಿಕ ನಿಮ್ಮ ಡೊಮೇನಿಗೆ ಎಸ್‌ಪಿಎಫ್, ಡಿಕಿಮ್ ಎರಡೂ ಇವೆಯೇ ನೋಡಿ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸುವವರಿಗೆಲ್ಲ ಎರಡರಲ್ಲಿ ಒಂದಾದರೂ ಕಡ್ಡಾಯ, ದಿನಕ್ಕೆ 5,000 ಮೇಲ್ ದಾಟಿಸುವವರಿಗೆ ಎರಡೂ ಬೇಕು, ಜೊತೆಗೆ ಡಿಮಾರ್ಕ್. ಕೊನೆಗೆ, ನಿಂತುಹೋದ ಸದಸ್ಯರಿಗೆ ಮೇಲ್ ಹೋಗುವಂತೆ ಕೈಯಿಂದಲೇ ಮತ್ತೆ ಚಾಲೂ ಮಾಡಿ. ಈ ಮೆಟ್ಟಿಲು ಬಿಟ್ಟರೆ ದುರಸ್ತಿಯಾದರೂ ಅವರಿಗೆ ಏನೂ ಬರುವುದಿಲ್ಲ.

ಪ್ರಶ್ನೆ: ನುಡಿಯಲ್ಲಿ ಟೈಪ್ ಮಾಡಿದ ಸಭೆಯ ನಡಾವಳಿಯನ್ನು ಮೇಲಿಗೆ ಅಂಟಿಸಿದರೆ ನನಗೆ ಸರಿ ಕಾಣುತ್ತದೆ, ಉಳಿದವರಿಗೆ ಬರೀ ಗೀಚು.
— ಸಂಡೂರಿನ ಓದುಗರು

ಉತ್ತರ: ಹಳೆಯ ನುಡಿ ಅಕ್ಷರಶೈಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತದೆ. ಆ ಫಾಂಟ್ ಇಲ್ಲದ ಕಡೆ ಕೆಳಗಿನ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ನುಡಿಯ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ಆಮೇಲೆ ಅಂಟಿಸಿ. ಹಾಗೇ ಬಿಟ್ಟರೆ ಗುಂಪಿನ ಸಂಗ್ರಹದಲ್ಲಿ ಹುಡುಕಿದಾಗಲೂ ಸಿಗದು.

ಪ್ರಶ್ನೆ: ಕಾಲುವೆ ಒಡೆದ ಜಾಗದ 12 ಫೋಟೋ ಕಳಿಸಿದರೆ ಗುಂಪು ಹಿಂದಿರುಗಿಸುತ್ತದೆ. ಒಟ್ಟು 22 ಎಂಬಿ ಮಾತ್ರ, ಮಿತಿ 25 ಅಂತಾರಲ್ಲ?
— ಮಾನ್ವಿಯ ಓದುಗರು

ಉತ್ತರ: ಲಗತ್ತು ಮೇಲಿನಲ್ಲಿ ಸಾಗಲು ಪಠ್ಯವಾಗಿ ಬದಲಾಗುತ್ತದೆ, ಆಗ ಮೂರನೇ ಒಂದರಷ್ಟು ಉಬ್ಬುತ್ತದೆ. ನಿಮ್ಮ 22 ಎಂಬಿ ದಾರಿಯಲ್ಲಿ 29 ದಾಟುತ್ತದೆ. ಅನೇಕ ಗುಂಪುಗಳ ಮಿತಿ 25ಕ್ಕಿಂತಲೂ ಬಹಳ ಕಡಿಮೆ ಇರುತ್ತದೆ. ಫೋಟೋಗಳನ್ನು ಡ್ರೈವ್‌ಗೆ ಏರಿಸಿ, ‘ಲಿಂಕ್ ಇರುವವರು ನೋಡಬಹುದು’ ಎಂದು ಇಟ್ಟು, ಆ ಕೊಂಡಿಯ ಜೊತೆಗೆ ತೂಬಿನ ನಂಬರು, ತಾರೀಖು, ಒಡೆದ ಉದ್ದ ಎಷ್ಟು ಎಂಬುದನ್ನು ಮೇಲಿನಲ್ಲೇ ಅಕ್ಷರದಲ್ಲಿ ಬರೆಯಿರಿ.