ಪ್ರತಿ: ಆರ್ಜಿನಿನ್ ಬದಲಿಸಿದ ಮೇಲೆ ಎಫ್‌ಯುಎಸ್ ಹನಿ ಕಟ್ಟುತ್ತಿಲ್ಲ

ದ್ರಾವಣದಲ್ಲಿ ಬೇರ್ಪಟ್ಟು ಹನಿ ಕಟ್ಟುವ ಪ್ರೋಟೀನ್ ಎಫ್‌ಯುಎಸ್. ಅದರಲ್ಲಿನ ಆರ್ಜಿನಿನ್ ಎಂಬ ಅಮೈನೋ ಆಮ್ಲಗಳನ್ನೆಲ್ಲ ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲವಾಗಿ ಮಾಡಿದ್ದೀರಿ. ವಿದ್ಯುದಾವೇಶ ಅಷ್ಟೇ ಇದ್ದರೂ ಹನಿಗಳೇಕೆ ಕಾಣುತ್ತಿಲ್ಲ ಎಂದು ಕೇಳಿದ್ದೀರಿ. ಇಲ್ಲಿ ಅಂಟಿನ ಕೆಲಸ ಮಾಡುವುದು ಬರೀ ಆವೇಶವಲ್ಲ. ಆರ್ಜಿನಿನ್‌ನ ಚಪ್ಪಟೆ ಗ್ವಾನಿಡಿನಿಯಂ ಗುಂಪು ಟೈರೋಸಿನ್ ಎಂಬ ಅಮೈನೋ ಆಮ್ಲದ ಉಂಗುರದ ಮೇಲೆ ಒರಗಿ ಕೂರುತ್ತದೆ, ಲೈಸಿನ್‌ಗೆ ಆ ಹಿಡಿತವಿಲ್ಲ. ಹಾಗಾಗಿ ಹನಿ ಮೂಡುವ ಕನಿಷ್ಠ ಸಾಂದ್ರತೆ ಮೇಲೇರಿದೆ.

ಒಮ್ಮೆಗೇ ಎಲ್ಲ ಬೇಡ. ನಿಶ್ಚಿತ ಆಕಾರಕ್ಕೆ ಮಡಿಕೆಗೊಂಡ ಭಾಗಗಳ ಆರ್ಜಿನಿನ್ ಮುಟ್ಟದೆ, ಉಳಿದವುಗಳಲ್ಲಿ ಮೊದಲು ಕಾಲುಭಾಗ, ಆಮೇಲೆ ಅರ್ಧದಷ್ಟನ್ನು ಸರಪಳಿಯುದ್ದಕ್ಕೂ ಹರಡಿ ಬದಲಿಸಿ. ಟೈರೋಸಿನ್‌ಗಳ ಜಾಗವನ್ನು ಮಾತ್ರ ಕದಲಿಸಬೇಡಿ. ಅವು ಒಂದೆಡೆ ಗುಂಪಾದರೆ ಹನಿಯ ಬದಲು ಗಟ್ಟಿ ಮುದ್ದೆ ಬರುವ ಸಂಭವ ಹೆಚ್ಚು.

ಸೂಕ್ಷ್ಮದರ್ಶಕವೊಂದನ್ನೇ ನಂಬಬೇಡಿ. ಎಫ್‌ಯುಎಸ್ ಕರಗಿರಲೆಂದು ಜೋಡಿಸಿದ ಎಂಬಿಪಿ ಎಂಬ ಪ್ರೋಟೀನನ್ನು ಟಿಇವಿ ಕಿಣ್ವದಿಂದ ಪೂರ್ತಿ ಕತ್ತರಿಸಿದ ಮೇಲೆ, 150 ಮಿಲಿಮೋಲಾರ್ ಉಪ್ಪಿನಲ್ಲಿ 15,000 ಜಿ (ಗುರುತ್ವದ 15,000 ಪಟ್ಟು) ಬಲದಲ್ಲಿ 10 ನಿಮಿಷ ತಿರುಗಿಸಿ, ಹನಿಗಳು ತಳ ಸೇರಿದ ಮೇಲೆ ಮೇಲಿನ ದ್ರವದಲ್ಲಿ ಉಳಿದ ಎಫ್‌ಯುಎಸ್ ಅಳೆಯಿರಿ. ಸೆಂಟ್ರಿಫ್ಯೂಜ್ ಕೂಡ 25 ಡಿಗ್ರಿಯಲ್ಲೇ ಇರಲಿ. ತಂಪಾದಷ್ಟೂ ಎಫ್‌ಯುಎಸ್ ಹೆಚ್ಚು ಹನಿಗಳಾಗಿ ಬೇರ್ಪಡುತ್ತದೆ, ಅಂಕಿ ಸುಳ್ಳೇ ಕಡಿಮೆ ಬರುತ್ತದೆ. 280 ನ್ಯಾನೋಮೀಟರ್ ಬೆಳಕಿನ ಹೀರಿಕೆಯಿಂದ ಪ್ರೋಟೀನ್ ಅಳೆಯುವ ಓದು ಇಲ್ಲಿ ಕೈಕೊಡುತ್ತದೆ: ಕತ್ತರಿಸಿದ ಎಂಬಿಪಿಯಲ್ಲಿ ಆ ಬೆಳಕನ್ನು ಹೀರುವ 8 ಟ್ರಿಪ್ಟೋಫಾನ್‌ಗಳಿವೆ, ಅದು ಬಹುಪಾಲು ಮೇಲೇ ಉಳಿಯುತ್ತದೆ. ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಓಡಿಸಿ ಎಫ್‌ಯುಎಸ್ ಪಟ್ಟಿಯನ್ನೇ ಅಳೆಯುವುದು ಮೇಲು. ಒಟ್ಟು ಪ್ರೋಟೀನ್ ದುಪ್ಪಟ್ಟು ಮಾಡಿದರೂ ಮೇಲಿನ ದ್ರವದ ಸಾಂದ್ರತೆ ಬದಲಾಗದಿದ್ದರೆ ಆ ಅಂಕಿಯನ್ನು ಬರೆದುಕೊಳ್ಳಿ, ಹನಿ ಮೂಡುವ ಕನಿಷ್ಠ ಸಾಂದ್ರತೆ ಅದೇ.