ಬೆಳಗಾವಿಯಿಂದ ಗುಂಪು ಕಟ್ಟಿಕೊಂಡು ಗುಡ್ಡದ ಸೈಕಲ್ ಸವಾರಿ: ಚೋರ್ಲಾ ಇಳಿಯುವ ಮುಂಚೆ

ನಿಮ್ಮ ಲೆಕ್ಕ ಹೀಗಿದೆ: ಆಫೀಸಿನ ಹದಿನಾಲ್ಕು ಮಂದಿ, ಅದರಲ್ಲಿ ಅರ್ಧ ಹೊಸಬರು. ಡಿಸೆಂಬರ್‌ನ ಒಂದು ಭಾನುವಾರ ಬೆಳಗಾವಿಯಿಂದ ಹೊರಟು ಗೋವಾ ಕಡೆ ಇಳಿಯುವ ಚೋರ್ಲಾ ಘಾಟ್ ಇಳಿದು ಅದೇ ದಿನ ವಾಪಸ್. ನೂರು ಕಿಲೋಮೀಟರ್ ಆದೀತಾ, ಹಿಂದೆ ಗಾಡಿ ಬೇಕಾ, ಇನ್ನೇನು ತಯಾರಿ ಅಂತ ಕೇಳಿದ್ದೀರಿ.

ಚೋರ್ಲಾದ ಮಾತು ಮೊದಲೇ ಮುಗಿಸಿಬಿಡೋಣ. ಈ ಗುಂಪಿಗೆ, ಈ ಸಲ, ಬೇಡ್ರಿ. ಊರಿನಿಂದ ಚೋರ್ಲಾ ಊರಿಗೇ ಸುಮಾರು ೫೫ ಕಿ.ಮೀ. ಹೋಗಿ ಬರುವಷ್ಟರಲ್ಲಿ ನಿಮ್ಮ ನೂರು ಮುಗಿದಿರುತ್ತದೆ, ಘಾಟ್ ಇಳಿಯುವುದು ಇನ್ನೂ ಬಾಕಿಯೇ ಇರುತ್ತದೆ. ಆದರೆ ದೂರಕ್ಕಿಂತ ದೊಡ್ಡ ತಕರಾರು ಬೇರೆ. ಬೆಳಗಾವಿ ಕೂತಿರುವುದೇ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ ಏಳುನೂರೈವತ್ತು ಮೀಟರ್ ಆಸುಪಾಸಿನಲ್ಲಿ. ಚೋರ್ಲಾ ೮೦೦ ಮೀಟರ್ ಎತ್ತರದಲ್ಲಿದೆ, ಗೋವಾದ ಕಡೆ ಘಾಟಿನ ಬುಡ ಹೆಚ್ಚುಕಡಿಮೆ ಸಮುದ್ರಮಟ್ಟಕ್ಕೇ ಬಂದಿರುತ್ತದೆ. ಅಂದರೆ ಕಾಲಲ್ಲಿ ಕಸುವು ಇರುವಾಗ ಇಳುಕಲು, ಕಸುವೆಲ್ಲ ಖರ್ಚಾದ ಮೇಲೆ ಏರು, ಅದೂ ಮಧ್ಯಾಹ್ನದ ಬಿಸಿಲಲ್ಲಿ. ಹಿಮಾಲಯದ ಕಡೆ ಸೈಕಲ್ ಹೊಡೆಯುವವರು ಬೆಳಿಗ್ಗೆ ಹತ್ತಿ ಸಂಜೆ ಇಳಿಯುತ್ತಾರೆ. ಸುಸ್ತಾದವನು ಅರ್ಧಕ್ಕೇ ತಿರುಗಿದರೂ ಮನೆ ಕಡೆ ಉರುಳಿಕೊಂಡು ಬರಬಹುದು. ನಮ್ಮಲ್ಲಿ ಅದು ಪೂರ್ತಿ ಉಲ್ಟಾ. ಒಮ್ಮೆ ಕೆಳಗಿಳಿದ ಮೇಲೆ ಸುಸ್ತಾದವನಿಗೂ ದಾರಿ ಒಂದೇ, ಅದು ಮೇಲಕ್ಕೆ.

ಹೊಸಬರು ಏರಿನಲ್ಲಿ ತಾಸಿಗೆ ೩೦೦ ಮೀಟರ್ ಎತ್ತರ ಗಳಿಸಿದರೆ ಅದೇ ಹೆಚ್ಚು. ಆರೇಳುನೂರು ಮೀಟರ್ ಅಂದರೆ ಎರಡು ತಾಸಿನ ಮೇಲಾಯಿತು, ನಡುವೆ ನಿಂತು ಉಸಿರು ಬಿಡುವ ಹೊತ್ತು ಬೇರೆ. ಪಕ್ಕದಲ್ಲಿ ವೀಕೆಂಡಿಗೆ ಗೋವಾಕ್ಕೆ ಹೋಗಿ ಬರುವ ಕಾರುಗಳ ಸಾಲು. ತಿರುವಿನಲ್ಲಿ ಹಾರ್ನ್ ಹೊಡೆಯುತ್ತ ಮೈಮೇಲೆ ಬರುವ ಗಾಡಿ, ಎಡಕ್ಕೆ ಚರಂಡಿ, ನಡುವೆ ಮೂರು ಕಿಲೋಮೀಟರ್ ವೇಗದಲ್ಲಿ ಓಲಾಡುತ್ತಿರುವ ನಿಮ್ಮ ಅಕೌಂಟ್ಸ್ ಸೆಕ್ಷನ್ನಿನವರು. ಅದನ್ನು ಸವಾರಿ ಅನ್ನುವುದು ಕಷ್ಟ.

ಹಾಗಾದರೆ ಎಲ್ಲಿ? ಅದೇ ರಸ್ತೆ, ಘಾಟ್ ಮಾತ್ರ ಬಿಟ್ಟು. ಪೀರನವಾಡಿ, ಕಿಣಯೆ ಮೇಲೆ ಜಾಂಬೋಟಿ, ಸುಮಾರು ೩೦ ಕಿ.ಮೀ. ಮುಂದೆ ಕಣಕುಂಬಿ, ೪೫ರ ಆಸುಪಾಸು. ಈ ದಾರಿಯಲ್ಲಿ ಒಂದೇ ದೊಡ್ಡ ಏರು ಅಂತಿಲ್ಲ, ಸಣ್ಣ ಸಣ್ಣ ಏರು-ಇಳಿವು ಮುಗಿಯುವುದೇ ಇಲ್ಲ. ಇದು ಮೋಸದ ರಸ್ತೆ ಅನ್ನುವುದನ್ನು ಹೊಸಬರಿಗೆ ಮೊದಲೇ ಹೇಳಿಡಿ. ಬೆಳಗಾವಿಯ ಎತ್ತರಕ್ಕೂ ಕಣಕುಂಬಿಯ ಎತ್ತರಕ್ಕೂ ನಲವತ್ತು-ಐವತ್ತು ಮೀಟರ್ ವ್ಯತ್ಯಾಸ ಇದ್ದರೆ ಹೆಚ್ಚು. ನಕ್ಷೆ ನೋಡಿದವರು 'ಇದು ಸಪಾಟೇ ಐತಲ್ಲ' ಅಂದುಕೊಳ್ಳುತ್ತಾರೆ. ಕಾಲು ಎಣಿಸುವುದು ತುದಿಯ ವ್ಯತ್ಯಾಸವನ್ನಲ್ಲ, ಹತ್ತಿದ ಪ್ರತಿ ದಿಬ್ಬವನ್ನೂ. ಸ್ಟ್ರಾವಾದಂಥ ಆ್ಯಪ್‌ನಲ್ಲಿ ದಾರಿ ಗೀಟು ಹಾಕಿದರೆ ಒಟ್ಟು ಏರು ಎಷ್ಟು ಮೀಟರ್ ಅಂತ ತೋರಿಸುತ್ತದೆ. ನೋಡಬೇಕಾದ ಅಂಕಿ ಅದು, ಕಿಲೋಮೀಟರ್ ಆಮೇಲೆ.

ಹೊತ್ತಿನ ಅಂದಾಜಿಗೆ ನಾನು ಹಾಕುವ ಲೆಕ್ಕ ಸುಲಭದ್ದು. ಸಪಾಟು ರಸ್ತೆಯಲ್ಲಿ ಹೊಸಬರಿಗೆ ತಾಸಿಗೆ ೧೬ ಕಿ.ಮೀ. ಹಿಡಿಯಿರಿ, ಪ್ರತಿ ೧೦೦ ಮೀಟರ್ ಏರಿಗೆ ೧೦ ನಿಮಿಷ ಸೇರಿಸಿ, ಚಹಾ-ತಿಂಡಿ-ಪಂಕ್ಚರ್‌ಗೆ ಒಂದು ತಾಸು ಬೇರೆ ಇಡಿ. ಕಣಕುಂಬಿಗೆ ಹೋಗಿ ಬರುವುದು ೯೦ ಕಿ.ಮೀ., ಆ್ಯಪ್ ಒಟ್ಟು ಏರು ೮೦೦ ಮೀಟರ್ ತೋರಿಸಿತು ಅಂತಿಟ್ಟುಕೊಳ್ಳಿ: ಸುಮಾರು ಎಂಟು ತಾಸು. ಡಿಸೆಂಬರ್‌ನಲ್ಲಿ ನಮ್ಮೂರಲ್ಲಿ ಬೆಳಗಾಗುವುದೇ ಏಳರ ಹತ್ತಿರ, ಕತ್ತಲಾಗುವುದು ಆರರ ಸುಮಾರಿಗೆ. ಏಳಕ್ಕೆ ಬಿಟ್ಟರೆ ಮೂರಕ್ಕೆ ಮನೆ. ನಡುವೆ ಒಂದು ಎಡವಟ್ಟಾದರೂ ಬೆಳಕಿರುವಾಗಲೇ ಸೇರುತ್ತೀರಿ. ಆದರೆ ಅದರಲ್ಲಿ ಏಳು ತಾಸು ಸೀಟಿನ ಮೇಲೆ ಕೂರುವ ಅಭ್ಯಾಸ ನಿಮ್ಮ ಏಳು ಮಂದಿ ಹೊಸಬರಿಗೆ ಇರಲಿಕ್ಕಿಲ್ಲ.

ಅದಕ್ಕೇ ದಾರಿಯನ್ನು ಜಾಂಬೋಟಿಯಲ್ಲಿ ಎರಡು ಭಾಗ ಮಾಡಿ. ಅಲ್ಲಿಯವರೆಗೆ ಹದಿನಾಲ್ಕೂ ಜನ ಒಟ್ಟಿಗೆ. ನಾಷ್ಟಾ ಆದ ಮೇಲೆ ಗಟ್ಟಿ ಕಾಲಿನವರು ಕಣಕುಂಬಿಗೆ, ಉಳಿದವರು ನಿಧಾನವಾಗಿ ಊರಿಗೆ. ಹೊಸಬರಿಗೆ ೬೦ ಆಯಿತು, ಅದು ಅವರಿಗೆ ಹೆಮ್ಮೆಯ ದೂರವೇ. ಹಳಬರಿಗೆ ೯೦, ಅವರಿಗೂ ಬೇಜಾರಿಲ್ಲ. ಈ ಒಡೆಯುವಿಕೆಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಾರ ಮೊದಲೇ ಘೋಷಿಸಿ. ಜಾಂಬೋಟಿಯಲ್ಲಿ ನಿಂತು 'ನೀನು ವಾಪಸ್ ಹೋಗು' ಅಂದರೆ ಯಾರೂ ಹೋಗುವುದಿಲ್ಲ, ಮೀಸೆ ಅಡ್ಡ ಬರುತ್ತದೆ. ಮರಳುವ ಗುಂಪಿನ ಜೊತೆ ಅನುಭವ ಇರುವ ಇಬ್ಬರಾದರೂ ಬರಬೇಕು. ಆ ಇಬ್ಬರು ಯಾರು ಅನ್ನುವುದೂ ಮೊದಲೇ ಗೊತ್ತಾಗಿರಲಿ, ಇಲ್ಲದಿದ್ದರೆ ಎಲ್ಲ ಹಳಬರಿಗೂ ಅವತ್ತೇ ಕಣಕುಂಬಿ ನೋಡುವ ಆಸೆ ಹುಟ್ಟುತ್ತದೆ. ನೋಡುವಂಥ ಊರೇ ಹೌದು. ಮಲಪ್ರಭಾ ಹುಟ್ಟುವುದು ಅಲ್ಲಿ, ಮಾವುಲಿ ದೇವಸ್ಥಾನ ಇದೆ, ಸುತ್ತ ಕಾಡು. ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಹೊಳೆ ಅದೇ ಅಂದರೆ ಬಾಗಲಕೋಟೆ ಕಡೆಯವರು ನಂಬುವುದು ಕಷ್ಟ. ವರ್ಷಗಟ್ಟಲೆ ಪೇಪರಿನಲ್ಲಿ ಓದಿದ ಕಳಸಾ ನಾಲೆಯ ಜಗಳದ ಜಾಗವೂ ಅದೇ ಸುತ್ತಮುತ್ತ.

ಡಿಸೆಂಬರ್‌ಗೆ ಮುಂಚೆ ಒಂದು ಭಾನುವಾರ ರಾಜಹಂಸಗಡ ಮಾಡಿ. ಇದನ್ನು ಬಿಡಲೇಬೇಡಿ. ವಡಗಾಂವ, ಯಳ್ಳೂರ ದಾಟಿದರೆ ಗಡ, ಊರಿನಿಂದ ಹದಿನೈದು ಕಿಲೋಮೀಟರ್ ಆಸುಪಾಸು. ಯಳ್ಳೂರವರೆಗೆ ಗದ್ದೆಗಳ ನಡುವಿನ ಸಪಾಟು ರಸ್ತೆ, ಮೈ ಬಿಸಿಯಾಗಲಿಕ್ಕೆ ಸರಿ. ಆಮೇಲೆ ಕೋಟೆಯವರೆಗೆ ಗಿಡ್ಡ ಆದರೆ ಖಡಕ್ ಏರು. ಹತ್ತುವುದು ಮೊದಲು, ಇಳಿಯುವುದು ಆಮೇಲೆ, ಅಂದರೆ ಚೋರ್ಲಾದ ತಕರಾರು ಇಲ್ಲಿಲ್ಲ. ಸುಸ್ತಾದವರು ಕೆಳಗೇ ಕೂತು ಚಹಾ ಕುಡಿಯಬಹುದು. ಯಾರ ಗೇರ್ ಕೆಲಸ ಮಾಡುವುದಿಲ್ಲ, ಯಾರ ಬ್ರೇಕ್ ಕಿರುಚುತ್ತದೆ, ಯಾರು ಇಳುಕಲಿನಲ್ಲಿ ಹುಚ್ಚಾಟ ಆಡುತ್ತಾರೆ, ಎಲ್ಲ ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ಕೊನೆಯದು ಗೊತ್ತಾಗುವುದು ಬಹಳ ಮುಖ್ಯ.

ಗುಂಪು ಕೆಡುವ ಜಾಗ ಒಂದಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಏರಿನಲ್ಲಿ ಗುಂಪು ಚದುರುವುದು ಸಹಜ, ಚದುರಲಿ. ಪ್ರತಿಯೊಬ್ಬರಿಗೂ ತನ್ನದೇ ಒಂದು ವೇಗ ಇರುತ್ತದೆ, ಅದಕ್ಕಿಂತ ನಿಧಾನ ಹೋಗುವುದೂ ಹಿಂಸೆಯೇ. ಮೇಲೆ ಹೋಗಿ ಒಂದು ಮರದಡಿ ಸೇರೋಣ ಅಂತ ಮಾತಾಗಿರುತ್ತದೆ. ಮೊದಲು ಮುಟ್ಟಿದವರು ಕಾಲು ಚಾಚಿ ಕೂತು, ನೀರು ಕುಡಿದು, ಫೋಟೋ ತೆಗೆದು ಹದಿನೈದು ನಿಮಿಷ ಆರಾಮ ಮಾಡುತ್ತಾರೆ. ಕೊನೆಯವನು ಏದುಸಿರು ಬಿಡುತ್ತ ಬಂದ ತಕ್ಷಣ 'ಬಂದ್ರು ಬಂದ್ರು, ನಡೀರಿ' ಅಂತ ಎಲ್ಲರೂ ಏಳುತ್ತಾರೆ. ಯಾರಿಗೆ ವಿಶ್ರಾಂತಿ ಬೇಕಿತ್ತೋ ಅವನಿಗೆ ಮಾತ್ರ ಸಿಗುವುದಿಲ್ಲ. ನಾಲ್ಕು ದಿಬ್ಬ ಹೀಗೇ ಆದರೆ ಅವನು ಮುಂದಿನ ಸಲ ಬರುವುದಿಲ್ಲ. ನಮ್ಮ ಗುಂಪಿನಲ್ಲಿ ಕಾಯಿದೆ ಒಂದೇ: ಹೊರಡುವ ಮಾತು ಕೊನೆಗೆ ಬಂದವನ ಬಾಯಿಂದಲೇ ಬರಬೇಕು. ಅವನು ಸೈಕಲ್ ಸ್ಟ್ಯಾಂಡ್ ಹಾಕಿ, ನೀರು ಕುಡಿದು, ಬೆವರು ಒರೆಸಿಕೊಂಡು 'ಹೋಗೋಣ್ರಿ' ಅನ್ನುವವರೆಗೆ ಯಾರೂ ಹೆಲ್ಮೆಟ್ ಮುಟ್ಟುವಂತಿಲ್ಲ.

ಕೊನೆಯವನ ಹಿಂದೆ ಇನ್ನೊಬ್ಬ ಇರಬೇಕು, ಎಲ್ಲರಿಗಿಂತ ಗಟ್ಟಿಗ ಮತ್ತು ಎಲ್ಲರಿಗಿಂತ ತಾಳ್ಮೆಯವ. ಎರಡೂ ಗುಣ ಒಬ್ಬನಲ್ಲೇ ಸಿಗದಿದ್ದರೆ ತಾಳ್ಮೆಯವನನ್ನೇ ಹಿಡಿಯಿರಿ. ಪಂಪು, ಹೆಚ್ಚಿನ ಟ್ಯೂಬು, ಟೈರ್ ಲಿವರ್, ಔಷಧಿ ಡಬ್ಬಿ ಅವನ ಹತ್ತಿರವೇ ಇರಲಿ. ಮುಂದಿದ್ದವನ ಹತ್ತಿರ ಪಂಪಿದ್ದು ಹಿಂದಿದ್ದವನ ಗಾಲಿ ಪಂಕ್ಚರ್ ಆದರೆ ಏನು ಉಪಯೋಗ? ಕಾಡಿನ ಕಡೆ ಫೋನಿಗೆ ನೆಟ್‌ವರ್ಕ್ ಕೈಕೊಡುತ್ತದೆ ಬೇರೆ. ಹದಿನಾಲ್ಕು ಜನ ಒಂದೇ ಸಾಲಾಗಿ ಹೋದರೆ ಹಿಂದಿನ ಬಸ್ಸಿಗೆ ದಾಟಲಿಕ್ಕೆ ಜಾಗ ಸಿಗುವುದಿಲ್ಲ. ನಾಲ್ಕೈದು ಜನರ ಮೂರು ತುಂಡು ಮಾಡಿ, ನಡುವೆ ನೂರು-ಇನ್ನೂರು ಮೀಟರ್ ಬಿಡಿ.

ಸೈಕಲ್ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಡಿ. ಹೊಸಬರ ಹತ್ತಿರ ದಪ್ಪ ಟೈರಿನ ಎಂಟಿಬಿ, ಅಂದರೆ ಗುಡ್ಡಗಾಡಿನ ಸೈಕಲ್, ಇದ್ದರೆ ನಗಬೇಡಿ. ಭಾರ ಹೌದು, ಆದರೆ ಚೈನ್ ಕೂರುವ ಹಲ್ಲಿನ ಚಕ್ರಗಳಲ್ಲಿ ಮುಂದಿನ ಸಣ್ಣದು, ಹಿಂದಿನ ದೊಡ್ಡದು ಸೇರಿದರೆ ಗೋಡೆ ಹತ್ತಿಸಬಹುದಾದ ಗೇರ್ ಸಿಗುತ್ತದೆ. ಫಜೀತಿ ಆಗುವುದು ದುಬಾರಿ ರೋಡ್ ಬೈಕ್ ತಂದು ಗೇರ್ ಸಾಲದೆ ಮೊಣಕಾಲು ಹಿಡಿದುಕೊಳ್ಳುವವರಿಗೆ. ಗೇರ್ ಇಳಿಸುವುದು ಏರು ಶುರುವಾಗುವ ಮುಂಚೆ. ಪೆಡಲ್ ಮೇಲೆ ಪೂರ್ತಿ ಭಾರ ಹಾಕಿ ಒದ್ದಾಡುವಾಗ ಬದಲಾಯಿಸಿದರೆ ಚೈನ್ ಬೀಳುತ್ತದೆ, ಇಲ್ಲ ಹರಿಯುತ್ತದೆ. ಇನ್ನೊಂದು, ಹೊಸಬರೆಲ್ಲ ಎರಡೂ ಕಾಲು ನೆಲಕ್ಕೆ ಮುಟ್ಟಲಿ ಅಂತ ಸೀಟನ್ನು ತಗ್ಗಿಸಿಟ್ಟಿರುತ್ತಾರೆ. ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಬಾಗಿರುವಷ್ಟು ಎತ್ತರಿಸಿ, ಅರ್ಧ ನೋವು ಅಲ್ಲೇ ಹೋಗುತ್ತದೆ. ಸೂಜಿಯಂಥ ಪ್ರೆಸ್ಟಾ ವಾಲ್ವ್ ಇರುವ ಟ್ಯೂಬಾದರೆ ಹಿತ್ತಾಳೆಯ ಅಡಾಪ್ಟರ್ ಒಂದು ಜೇಬಿನಲ್ಲಿರಲಿ, ಹಳ್ಳಿಯ ಪಂಕ್ಚರ್ ಅಂಗಡಿಯ ಗಾಳಿ ಪೈಪು ಅದಿಲ್ಲದೆ ಕೂರುವುದಿಲ್ಲ. ತೀರಾ ಆಗದಿದ್ದರೆ ಇಳಿದು ತಳ್ಳಲಿ. ಕಡಿದಾದ ಕಡೆ ಹೊಸಬರು ತುಳಿಯುವ ವೇಗಕ್ಕೂ ತಳ್ಳುವ ವೇಗಕ್ಕೂ ಅಂಥ ಫರಕಿಲ್ಲ.

ನಿಜವಾಗಿ ಜನ ಬೀಳುವುದು ಇಳುಕಲಿನಲ್ಲಿ. ಒಬ್ಬೊಬ್ಬರನ್ನೇ ಅರ್ಧ ನಿಮಿಷ ಬಿಟ್ಟು ಬಿಡಿ, ಇಳಿಯುವಾಗ ಒಬ್ಬರನ್ನೊಬ್ಬರು ದಾಟುವಂತಿಲ್ಲ. ಬ್ರೇಕ್ ತಿರುವಿಗೆ ಮುಂಚೆ, ತಿರುವಿನ ಒಳಗಲ್ಲ. ಎರಡೂ ಬ್ರೇಕ್ ಒಟ್ಟಿಗೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು. ಹಳ್ಳಿ ಶುರುವಾಗುವ ಕಡೆ ಬಣ್ಣ ಬಳಿಯದ ಸ್ಪೀಡ್ ಬ್ರೇಕರ್ ಇರುತ್ತದೆ, ಎಮ್ಮೆಗಳೂ ಇರುತ್ತವೆ. ಕಬ್ಬಿನ ಹಂಗಾಮು ಬೇರೆ ಅದೇ ಹೊತ್ತಿಗೆ: ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ನ ಚಾಲಕ ಹಾಡು ಜೋರಾಗಿ ಹಚ್ಚಿಕೊಂಡಿರುತ್ತಾನೆ, ನಿಮ್ಮ ಗಂಟೆ ಅವನಿಗೆ ಕೇಳುವುದಿಲ್ಲ. ಎರಡನೇ ಟ್ರೇಲರ್ ಹಾವಿನ ಬಾಲದಂತೆ ಆಚೀಚೆ ಹೊರಳುತ್ತದೆ. ಅದನ್ನು ಏರಿನಲ್ಲಿ ಓವರ್‌ಟೇಕ್ ಮಾಡುವ ಆಸೆ ಬಿಟ್ಟುಬಿಡಿ. ರಸ್ತೆ ಮೇಲೆ ಬಿದ್ದ ಕಬ್ಬಿನ ಜಲ್ಲೆ ಮೇಲೆ ಗಾಲಿ ಹೋದರೆ ಜಾರುತ್ತದೆ.

ತಿನ್ನುವ ವಿಷಯದಲ್ಲಿ ನಾವು ಅದೃಷ್ಟವಂತರು. ಡಬ್ಬದ ಎನರ್ಜಿ ಬಾರ್‌ಗೆ ದುಡ್ಡು ಹಾಕಬೇಡಿ, ಗೋಕಾಕದ ಕರದಂಟು ಇದೆ: ಬೆಲ್ಲ, ಅಂಟು, ಒಣಹಣ್ಣು. ಶೇಂಗಾ ಹೋಳಿಗೆಯೂ ಜೇಬಿನಲ್ಲಿ ಮುರಿಯದೆ ಕೂರುತ್ತದೆ. ಹಸಿವಾಗುವವರೆಗೆ ಕಾಯದೆ ತಾಸಿಗೊಮ್ಮೆ ಒಂದು ತುಂಡು. ನೀರಿಗೆ ಒಬ್ಬರಿಗೆ ಎರಡು ಬಾಟಲಿ, ಒಂದಕ್ಕೆ ಓಆರ್‌ಎಸ್ ಪುಡಿ. ಜಾಂಬೋಟಿಯಲ್ಲಿ ಅವಲಕ್ಕಿ ತಿನ್ನಿ, ಭಜಿ ಆಸೆ ಇದ್ದರೆ ಮರಳುವ ಗುಂಪಿನವರು ತಿನ್ನಲಿ. ಮುಂದೆ ಏರು ಇರುವವರಿಗೆ ಎಣ್ಣೆ ಪದಾರ್ಥ ಹೊಟ್ಟೆಯಲ್ಲಿ ಕೂತುಬಿಡುತ್ತದೆ.

ಹಿಂದೆ ಗಾಡಿ ಬೇಕಾ? ಈ ಗುಂಪಿಗೆ ಬೇಕು. ಆದರೆ ಗುಂಪಿನ ಬೆನ್ನಿಗೆ ಅಂಟಿಕೊಂಡು ಬರುವುದು ಬೇಡ. ಸಣ್ಣ ರಸ್ತೆಯಲ್ಲಿ ನಿಧಾನ ಬರುವ ಗಾಡಿಯೇ ಅಡ್ಡಿ, ಹಿಂದಿನವರೆಲ್ಲ ಸಿಟ್ಟಾಗಿ ನಿಮ್ಮನ್ನು ಒತ್ತುತ್ತಾರೆ. ಅದು ಮುಂಚಿತವಾಗಿ ಹೋಗಿ ಜಾಂಬೋಟಿಯಲ್ಲಿ ನಿಲ್ಲಲಿ, ಹೊಸಬರು ಮರಳುವಾಗ ನಡುನಡುವೆ ಮುಂದೆ ಹೋಗಿ ಕಾಯಲಿ. ಎರಡು ಸೈಕಲ್ ಹಾಕಿಕೊಳ್ಳುವಷ್ಟು ಜಾಗ ಇರುವ ಗೂಡ್ಸ್ ಟೆಂಪೋ ಸಾಕು. ಕಣಕುಂಬಿಗೆ ಹೋಗುವವರ ಮನೆಯ, ಮತ್ತು ಗಾಡಿಯವನ, ಫೋನ್ ನಂಬರ್ ಎಲ್ಲರ ಹತ್ತಿರ ಕಾಗದದ ಮೇಲೆ ಇರಲಿ. ೧೦೮ ಮತ್ತು ೧೧೨ ಎಲ್ಲರಿಗೂ ಗೊತ್ತಿರುವ ನಂಬರೇ. ಇಷ್ಟೆಲ್ಲ ಹತ್ತಿ ಇಳಿದ ಮೇಲೂ ನಿಮ್ಮ ಗುಂಪಿಗೆ ಚೋರ್ಲಾದ ಆಸೆ ಹೋಗದಿದ್ದರೆ, ಫೆಬ್ರುವರಿಯಲ್ಲಿ ಅದೇ ಟೆಂಪೋದಲ್ಲಿ ಸೈಕಲ್ ಹೇರಿಕೊಂಡು ಬೆಳಗಿನ ಜಾವವೇ ಗೋವಾ ಬದಿಯ ಘಾಟಿನ ಬುಡಕ್ಕೆ ಹೋಗಿ ಇಳಿಯಿರಿ. ಅಲ್ಲಿಂದ ಹತ್ತಲಿಕ್ಕೆ ಶುರು ಮಾಡಿ, ಭಾನುವಾರದ ಕಾರುಗಳು ಬರುವಷ್ಟರಲ್ಲಿ ಚೋರ್ಲಾ ಮುಟ್ಟಿರುತ್ತೀರಿ.