ನಿಯಮಗಳ ಭಾರ ಎಲ್ಲಿಗೆ ಹೋಯಿತು?

ಮಾನ್ಯ ಓದುಗರೇ,

ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಇತ್ತೀಚಿನ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳ ನಿಯಮಗಳು ತೀರಾ ತೆಳುವಾಗಿವೆ, ಹಿಂದಿನವರ ತಾಳ್ಮೆ ಇಂದಿನ ಆಟಗಾರರಿಗಿಲ್ಲ, ತಮ್ಮ ಗೆಳೆಯರಂತೂ ಗರ್ಪ್ಸ್ ಎಂಬ ನಿಯಮಗಳು ತುಂಬಿದ ಆಟದ ಪುಸ್ತಕ ಕಂಡರೇ ಹಿಂಜರಿಯುತ್ತಾರೆ ಎಂದು ತಾವು ಬರೆದಿದ್ದೀರಿ. ರುಚಿ ಬದಲಾಗಿರುವುದು ನಿಜ. ಅದಕ್ಕೆ ತಾಳ್ಮೆಯ ಕೊರತೆಯೇ ಕಾರಣವೆಂಬುದನ್ನು ನಾವು ಒಪ್ಪಲಾರೆವು.

ಹಳೆಯದೆಲ್ಲ ಭಾರವಾಗಿತ್ತು ಎಂಬುದೇ ಪೂರ್ತಿ ಸರಿಯಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೂರು ಕಿರುಪುಸ್ತಕಗಳಷ್ಟೇ ಆಗಿತ್ತು. ಅವು ಹೇಳದೆ ಬಿಟ್ಟದ್ದನ್ನು ಆಟ ನಡೆಸುವವರೇ ತಮ್ಮ ವಿವೇಚನೆಯಿಂದ ತುಂಬಿಕೊಳ್ಳಬೇಕಿತ್ತು. ಭಾರ ಸೇರಿಕೊಂಡದ್ದು ಆಮೇಲೆ. 1978ರ ರೂನ್‌ಕ್ವೆಸ್ಟ್ ಪ್ರತಿ ಕೌಶಲವನ್ನೂ ಶೇಕಡಾ ಲೆಕ್ಕದಲ್ಲಿ ಅಳೆಯಿತು; 1986ರ ಗರ್ಪ್ಸ್, ಯಾವ ಲೋಕದ ಪಾತ್ರವನ್ನಾದರೂ ಅಂಕಗಳನ್ನು ಹಂಚಿ ಕಟ್ಟಬಹುದೆಂದು ತೋರಿಸಿತು. 2000ದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೆಯ ಆವೃತ್ತಿ ಇಪ್ಪತ್ತು ಮುಖದ ದಾಳದ ಒಂದೇ ಸೂತ್ರಕ್ಕೆ ಆಟವನ್ನು ಒಗ್ಗಿಸಿತಾದರೂ, ಮೇಲಿನ ಹಂತದ ಒಬ್ಬ ಎದುರಾಳಿಯನ್ನು ಸಿದ್ಧಪಡಿಸುವುದರಲ್ಲೇ ಆಟ ನಡೆಸುವ ಗೇಮ್ ಮಾಸ್ಟರ್‌ನ ಸಂಜೆ ಕಳೆದುಹೋಗುತ್ತಿತ್ತು. (ಆ ಎದುರಾಳಿ ಎರಡನೆಯ ಸುತ್ತಿನಲ್ಲೇ ಸತ್ತರೆ ಆಗುವ ಸಂಕಟವನ್ನು ಬಲ್ಲವರೇ ಬಲ್ಲರು.)

ಈ ದಣಿವಿನಿಂದ ಪರಸ್ಪರ ವಿರುದ್ಧವಾದ ಎರಡು ದಾರಿಗಳು ಹುಟ್ಟಿದವು. ಒಂದು ಹಿಂದಕ್ಕೆ ಹೋಯಿತು: 2006ರ ಓಸ್ರಿಕ್ ಮುಂತಾದವು ಹಳೆಯ ಆಟವನ್ನು ನಿಯಮಗಳನ್ನು ಇತರರೂ ಬಳಸಲು ಬಿಡುವ ಮುಕ್ತ ಪರವಾನಗಿಯ ನೆರವಿನಿಂದ ಮತ್ತೆ ಬರೆದವು. ಇನ್ನೊಂದು, 2010ರ ಅಪೋಕಲಿಪ್ಸ್ ವರ್ಲ್ಡ್‌ನದು, ದಾಳಕ್ಕೆ ಕೇಳುವ ಪ್ರಶ್ನೆಯನ್ನೇ ಬದಲಿಸಿತು. ಕಾವಲುಗಾರ ಹತ್ತಿರದಲ್ಲಿರುವಾಗ ಬೀಗ ತೆರೆಯುವ ಸಂದರ್ಭವನ್ನು ಗಮನಿಸಿ. ಹಳೆಯ ಪದ್ಧತಿಯಲ್ಲಿ ಸೋತರೆ ಬೀಗ ತೆರೆಯುವುದಿಲ್ಲ, ಅನೇಕ ವೇಳೆ ಬೇರೇನೂ ಆಗುವುದಿಲ್ಲ. ಇಲ್ಲಾದರೋ ಎರಡು ದಾಳಗಳ ಮೊತ್ತಕ್ಕೆ ಪಾತ್ರದ ಸಾಮರ್ಥ್ಯದ ಅಂಕಿಯೊಂದನ್ನು ಕೂಡಿಸಿದಾಗ ಹತ್ತು ಅಥವಾ ಹೆಚ್ಚು ಬಂದರೆ ಪೂರ್ಣ ಯಶಸ್ಸು. ಏಳರಿಂದ ಒಂಬತ್ತಾದರೆ ಬೀಗ ತೆರೆಯುತ್ತದೆ, ಆದರೆ ಸದ್ದು ಕಾವಲುಗಾರನ ಕಿವಿಗೆ ಬೀಳುತ್ತದೆ. ಆರು ಅಥವಾ ಕಡಿಮೆಯಾದರೆ ಮುಂದಿನದು ಗೇಮ್ ಮಾಸ್ಟರ್‌ನ ಕೈಯಲ್ಲಿ. ಹೀಗೆ ಪಾತ್ರ ತೆರಬೇಕಾದ ಬೆಲೆ ಯಾವುದೆಂದು ಕ್ಷಣದಲ್ಲಿ ಕಂಡುಕೊಳ್ಳುವುದು ಕೋಷ್ಟಕ ನೋಡುವುದಕ್ಕಿಂತ ಕಷ್ಟ. ಆಟಕ್ಕೆ ಮುನ್ನ ಮನೆಯಲ್ಲಿ ಮುಗಿಯುತ್ತಿದ್ದ ಕೆಲಸ ಆಟದ ಮೇಜಿನ ಮೇಲೆ ಬಂದಿದೆ. ಇದನ್ನು ಸೋಮಾರಿತನವೆನ್ನುವುದು ಹೇಗೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೆಯ ಆವೃತ್ತಿಯೂ ಹೀಗೆಯೇ ಸಣ್ಣಪುಟ್ಟ ಅಂಕಿಗಳ ಕೂಡುವಿಕೆಯನ್ನು ಬಹುಮಟ್ಟಿಗೆ ಕೈಬಿಟ್ಟು, ಅನುಕೂಲವಿದ್ದಾಗ ಇಪ್ಪತ್ತು ಮುಖದ ಎರಡು ದಾಳ ಉರುಳಿಸಿ ದೊಡ್ಡದನ್ನು ಹಿಡಿಯಿರಿ ಎಂದಿತು. ಸರಾಸರಿಯಲ್ಲಿ ಅದು ಮೂರಕ್ಕಿಂತ ತುಸು ಹೆಚ್ಚು ಅಂಕ ಸೇರಿಸಿದಂತೆಯೇ.

ಪಾತ್ರವನ್ನು ಏಕಾಂತದಲ್ಲಿ ಕುಳಿತು ಕಟ್ಟುವ ಸುಖ ಇದರಲ್ಲಿ ಕಡಿಮೆಯಾಗಿದೆ ಎಂಬ ತಮ್ಮ ಕೊರಗು ಮಾತ್ರ ನ್ಯಾಯವಾದದ್ದೇ. ಆ ರುಚಿ ಅಳಿದಿಲ್ಲವೆಂಬುದಕ್ಕೆ 2019ರ ಪಾತ್‌ಫೈಂಡರ್ ಎಂಬ ಆಟದ ಎರಡನೆಯ ಆವೃತ್ತಿಯ ದಪ್ಪ ಪುಸ್ತಕವೇ ಸಾಕ್ಷಿ. ಇನ್ನು ತಮ್ಮ ಗೆಳೆಯರ ವಿಚಾರ: ಪಾತ್ರಗಳನ್ನು ತಾವೇ ಮೊದಲು ಕಟ್ಟಿಕೊಟ್ಟು ನೋಡಿ. ಆಗ ಗರ್ಪ್ಸ್‌ನಲ್ಲಿ ಅವರಿಗೆ ಉಳಿಯುವುದು ಬಹುಪಾಲು ಮೂರು ದಾಳ ಉರುಳಿಸಿ, ಮೊತ್ತ ಪಾತ್ರದ ಕೌಶಲದ ಅಂಕಿಯನ್ನು ಮೀರಲಿಲ್ಲವೆಂದು ಖಚಿತಪಡಿಸಿಕೊಳ್ಳುವ ಕೆಲಸವಷ್ಟೇ.

— ಸಂಪಾದಕರು